ರಿಮೋಟಿಗೆ ಹೇಳಿದ ಹೆಸರು

ಚಿಕ್ಕಕೊಪ್ಪಲು, ಪಿರಿಯಾಪಟ್ಟಣ ತಾಲೂಕು
ಮಂಗಳವಾರ, ೧೧-೨-೨೦೨೫

ನಮ್ಮ ಮನೆ ಮುದ್ದು ಅನುಶ್ರೀಗೆ ಅಜ್ಜಿ ತಲೆ ಸವರಿ ಬರೆಯೋದು.

ಹೆಂಗಿದೀಯ ಮಗಾ? ಹೋದ ಭಾನುವಾರ ಫೋನಿನಲ್ಲಿ ಮಾತಾಡಿದಾಗ ನಿನ್ನ ಮೂಗು ಕಟ್ಟಿದ ಹಂಗಿತ್ತು. ಶೀತವೇನೇ ಅಂತ ಕೇಳೋ ಅಷ್ಟರಲ್ಲಿ ಹಿಂದೆ ನಿಂತಿದ್ದ ಹುಡುಗೀರು ಬೇಗ ಬೇಗ ಅಂತ ಅವಸರ ಮಾಡಿದ್ರು, ನೀನು ಇಟ್ಟುಬಿಟ್ಟೆ. ತಣ್ಣೀರಲ್ಲಿ ತಲೆ ನೆನೆಸಬೇಡ. ನೀನಿರೋ ಕೆ.ಆರ್. ನಗರದ ಕಡೆ ಹೊಳೆ ಹತ್ತಿರ, ಅಲ್ಲಿನ ಗಾಳಿ ನಮ್ಮೂರ ಗಾಳಿ ಹಂಗಲ್ಲ, ಬೆಳಗಿನ ಹೊತ್ತು ಮೂಳೆಗೇ ಇಳೀತದೆ. ತಲೆಗೆ ಎಣ್ಣೆ ಹಾಕ್ಕೋತಿದೀಯಾ, ಇಲ್ಲಾ ಪರೀಕ್ಷೆ ಪರೀಕ್ಷೆ ಅಂತ ಕೂದಲೆಲ್ಲ ಸಿಕ್ಕು ಕಟ್ಟಿಸಿಕೊಂಡು ಕೂತಿದೀಯಾ? ನಿಮ್ಮವ್ವ ಹುರಿಟ್ಟು, ನಿಪ್ಪಟ್ಟು ಮಾಡಿಟ್ಟಿದ್ದಾಳೆ, ಮುಂದಿನ ವಾರ ನಿಮ್ಮಪ್ಪನ ಕೈಲಿ ಕಳಿಸ್ತಾಳೆ. ಜೊತೆಯೋರಿಗೆಲ್ಲ ಹಂಚಿ ನೀನು ಖಾಲಿ ಡಬ್ಬ ನೆಕ್ಕಬೇಡ. ನಿಮ್ಮ ಹಾಸ್ಟೆಲಿನಲ್ಲಿ ಫೋನು ಇಟ್ಟುಕೊಳ್ಳೋ ಹಂಗಿಲ್ಲ, ಆ ವಾರ್ಡನ್ ಫೋನಿನಲ್ಲಿ ನನಗೆ ಮಾತೇ ಹೊರಡಲ್ಲ. ಅದಕ್ಕೆ ಈ ಕಾಗದ. ನಿನ್ನ ಹಳೇ ಸೈನ್ಸ್ ನೋಟ್‌ಬುಕ್ಕಿನ ಹಿಂದಿನ ಖಾಲಿ ಹಾಳೆ ಹರಿದುಕೊಂಡಿದೀನಿ, ಬೈಬೇಡ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳ ಅಕ್ಷರ, ತಪ್ಪಿದ್ರೆ ನಗಬೇಡ.

ಇಲ್ಲಿ ಎಲ್ಲರೂ ಆರೋಗ್ಯ. ಕೆಂದ ಹಸು ಕರು ಹಾಕ್ತು, ಗಂಡು. ಹೋರಿಗರು ಅಂತ ನಿಮ್ಮವ್ವನಿಗೆ ಬೇಜಾರು, ನನಗೇನೂ ಅನ್ನಿಸಲಿಲ್ಲ. ನಿಮ್ಮಪ್ಪ ಅದೇ ಪಿರಿಯಾಪಟ್ಟಣದ ಖಾಸಗಿ ಬಸ್ಸು ಓಡಿಸ್ತಿದ್ದಾನೆ, ಈಗ ಸರಗೂರಿನ ತನಕ ಹಾಕಿದ್ದಾರಂತೆ. ನಿಮ್ಮವ್ವ ಅಂಗನವಾಡಿಗೆ ಹೋಗಿ ಬರ್ತಾಳೆ. ಎದುರಿಗೆ ಗಂಗಾಧರಪ್ಪನವರ ಹೊಗೆಸೊಪ್ಪಿನ ಬ್ಯಾರನ್ನಿಗೆ ಬೀಗ ಹಾಕಿದೆ. ಬರೋ ಮಳೆಗಾಲಕ್ಕೆ ಸೊಪ್ಪು ಬೇಯಿಸೋಕೆ ಬೇರೆ ಆಳು ಹುಡುಕ್ತಿದ್ದಾರಂತೆ. ನಿಮ್ಮ ತಾತ ಆ ಬ್ಯಾರನ್ನಿನ ಒಲೆ ಮುಂದೆ ಕೂತು ಕೂತು ಮೈಯೆಲ್ಲ ಹೊಗೆ ವಾಸನೆ ಮಾಡಿಕೊಂಡಿದ್ರಲ್ಲ, ಈಗಲೂ ಗೂಟದ ಮೇಲಿರೋ ಅವರ ಟವಲಿನಲ್ಲಿ ಆ ವಾಸನೆ ಇದೆ ಅಂತಾಳೆ ನಿಮ್ಮವ್ವ. ನಾನು ಮೂಸಿ ನೋಡಿಲ್ಲ.

ನಾನು ಚೆನ್ನಾಗಿದೀನಿ. ಎಲ್ಲರಿಗೂ ಹಂಗೇ ಹೇಳ್ತೀನಿ, ನಿನಗೂ ಹೇಳ್ತೀನಿ. ಮುದ್ದೆ ಉಣ್ತೀನಿ, ಮಲಗ್ತೀನಿ, ಏಳ್ತೀನಿ. ನೋವು ಅಂತ ಏನೂ ಇಲ್ಲ. ಬಹಳ ಹೊತ್ತು ಕಾಲು ಮಡಿಸಿ ಕೂತಿದ್ದು ಎದ್ದರೆ ಕಾಲು ಇದೆಯೋ ಇಲ್ಲವೋ ಗೊತ್ತಾಗಲ್ಲ ನೋಡು, ಹಂಗೆ ಮೈಗೆಲ್ಲ ಜೋಮು ಹಿಡಿದಿದೆ, ಅಷ್ಟೇ. ನಿಮ್ಮ ತಾತ ಹೋದ ದಿನ ಪಕ್ಕದ ಮನೆ ಬಸವಮ್ಮ ನನ್ನ ತಬ್ಬಿಕೊಂಡು ‘ಅತ್ಬುಡಕ್ಕಾ, ಅತ್ಬುಡು, ಒಳೀಕೆ ಮಡೀಕಬ್ಯಾಡ’ ಅಂತ ಬೆನ್ನಿಗೆ ಗುದ್ದಿದಳು. ಕೊನೆಗೆ ಅವಳೇ ಅತ್ತಳು. ನಾನು ಶಾಮಿಯಾನದವರು ತಂದಿದ್ದ ಕೆಂಪು ಕುರ್ಚಿಗಳನ್ನ ನೋಡ್ತಾ ಕೂತಿದ್ದೆ. ಅದರಲ್ಲೊಂದರ ಕಾಲು ಸೀಳಿತ್ತು. ಯಾರಾದ್ರೂ ದಪ್ಪನೆಯವರು ಕೂತು ಬಿದ್ದುಗಿದ್ದಾರು ಅಂತ ಅದೊಂದೇ ಯೋಚನೆ ನನಗೆ. ಬಳೆ ತೆಗೆಯೋವಾಗ ‘ನಿಧಾನ ಕಣ್ರವ್ವಾ, ಗಾಜು ಕೈಗೆ ಚುಚ್ಚಾತು’ ಅಂತ ತೆಗೆಯೋರಿಗೆ ನಾನೇ ಬುದ್ಧಿ ಹೇಳಿದೆನಂತೆ. ಗಟ್ಟಿ ಹೆಂಗಸು ಅಂದವರು ಕೆಲವರು, ಕಲ್ಲು ಅಂದವರು ಕೆಲವರು. ಎರಡೂ ನನ್ನ ಕಿವಿಗೆ ಬಿದ್ದಿದೆ. ಏನು ಅಂದ್ರೂ ಸೈ.

ಅವತ್ತಿನ ದಿನದ್ದು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ, ನೀನು ಹಾಸ್ಟೆಲಿನಿಂದ ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. ನಿಮ್ಮ ತಾತ ಎದೆ ಹಿಡ್ಕೊಂಡಿದೆ ಅಂದ್ರು, ಆಂಬುಲೆನ್ಸಿನಲ್ಲಿ ಮೈಸೂರಿಗೆ ಹೊರಟೆವು. ನಿಮ್ಮಪ್ಪ ಮುಂದೆ ಕೂತಿದ್ದ, ನಾನು ಅವರ ಪಕ್ಕದಲ್ಲಿ. ದಾರೀಲಿ ನೀರು ಕೇಳಿದ್ರು. ಜೊತೆಗಿದ್ದ ನರ್ಸು ಹುಡುಗ, ಈಗ ಕುಡಿಸೋದು ಬೇಡ ಅಜ್ಜಿ, ಆಸ್ಪತ್ರೆ ಸೇರಿಕೊಳ್ಳಲಿ ಅಂದ. ಕಲಿತವನು, ಅವನು ಹೇಳಿದ್ದು ಸರಿಯೇ ಇರಬೇಕು. ನೀರಿನ ಬಾಟಲಿ ನನ್ನ ತೊಡೆ ಮೇಲೇ ಇತ್ತು. ಇನ್ನೊಂದ್ಸಲ ಕೇಳಿದ್ರು. ಹುಣಸೂರು ದಾಟೋ ಅಷ್ಟರಲ್ಲಿ ನೀರು ಕೇಳೋರೇ ಇರಲಿಲ್ಲ. ಇರಲಿ, ಆ ಮಾತು ಬುಡು.

ನಾನು ಬರೆಯೋಕೆ ಕೂತದ್ದು ಟಿವಿ ರಿಮೋಟಿನ ವಿಷಯ. ನಗಬೇಡ. ದಸರಾ ರಜಕ್ಕೆ ನೀನು ಬಂದಾಗ ನಿಮ್ಮಪ್ಪ ತಂದಿದ್ದ ಆ ಹೆಬ್ಬೆಟ್ಟಿನಷ್ಟು ಕಪ್ಪು ವಸ್ತುವನ್ನ ಟಿವಿ ಹಿಂದೆ ಸಿಕ್ಕಿಸಿದವಳು ನೀನು. ಇನ್ನು ಕೇಬಲ್ ಬೇಡ ತಾತ, ಈ ಸಣ್ಣ ರಿಮೋಟಿನ ಮೈಕಿನ ಗುಂಡಿ ಒತ್ತಿ ಕನ್ನಡದಲ್ಲಿ ಹೇಳು, ಹೇಳಿದ್ದು ಬರ್ತದೆ ಅಂತ ಕಲಿಸಿದವಳೂ ನೀನು. ಕಲಿಸಿ ನೀನು ಹೊರಟುಹೋದೆ, ಅನುಭವಿಸಿದವಳು ನಾನು. ಗುಂಡಿ ಒತ್ತದೇನೇ ಬ್ಯಾರನ್ನಿನಿಂದ ಕೆರೆ ಏರಿಗೆ ಕೂಗೋ ಹಂಗೆ ಕೂಗೋರು. ಗುಂಡಿ ಒತ್ತಿದ ಮೇಲೆ ಬಾಯಿ ಮುಚ್ಚಿಕೊಂಡು ಟಿವಿ ನೋಡೋರು. ‘ಏನಪ್ಪಾ, ಚೆಂದಾಗಿದ್ದೀಯಾ? ಒಸಿ ಈ ವಾರ ಮಳೆ ಬತ್ತದಾ ಏನು ನೋಡೇಳು’ ಅಂತ ಅದಕ್ಕೆ ಯೋಗಕ್ಷೇಮ ಬೇರೆ. ಅದು ಏನೋ ಒಂದು ಹಾಕೋದು, ಇವರು ‘ಆಯ್ತು ಬುಡು, ಅದೇ ಆಗ್ಲಿ’ ಅಂತ ಒಪ್ಪಿಕೊಂಡು ನೋಡೋರು. ದಿನವಿಡೀ ಅದರ ಜೊತೆ ಮಾತಾಡ್ತೀರಲ್ಲ, ಮನೇಲಿ ನಾನಿಲ್ವಾ ಅಂತ ರೇಗಿದೆ ಒಂದಿನ. ‘ನಾ ಹೇಳಿದ್ ಮಾತ ನೀ ಯಾವತ್ತು ಕೇಳಿದ್ದೀಯೆ? ಇದು ಕೇಳ್ತದೆ’ ಅಂದ್ರು. ಹೊಗೆಸೊಪ್ಪು ಪೋಣಿಸೋ ಕಡ್ಡಿ ನೋಡಿ ಅಭ್ಯಾಸ ಅಲ್ವಾ, ಅದಕ್ಕೂ ಮಾತಿನ ಕಡ್ಡಿ ಅಂತ ಹೆಸರಿಟ್ಟಿದ್ರು. ನಾನು ಒಂದಿನವೂ ಅದನ್ನ ಕೈಲಿ ಮುಟ್ಟಿರಲಿಲ್ಲ.

ತಿಥಿ ದಿನ ಎಡೆ ಇಟ್ಟದ್ದು ನಿನಗೆ ನೆನಪಿರಬೇಕು. ಹೋದವರಿಗೆ ಇಷ್ಟವಾದದ್ದೆಲ್ಲ ಇಡಬೇಕಲ್ಲ, ಮುದ್ದೆ, ಕೋಳಿ ಸಾರು, ಬೀಡಿ ಕಟ್ಟು, ಎಲೆ ಅಡಿಕೆ, ಹೊಸ ಪಂಚೆ ಎಲ್ಲ ಇಟ್ಟಾಯ್ತು. ನಿಮ್ಮಪ್ಪ ಎದ್ದು ಹೋಗಿ ಆ ರಿಮೋಟು ತಂದು ಬೀಡಿ ಕಟ್ಟಿನ ಪಕ್ಕ ಇಟ್ಟ. ಬಸವಮ್ಮನಿಗೆ ಅಳುವಿನ ಮಧ್ಯೆ ನಗು ಬಂದು ಸೆರಗು ಬಾಯಿಗೆ ಅಡ್ಡ ಹಿಡಿದಳು. ಅವರು ಬಂದು ಉಂಡು ಹೋಗಲಿ ಅಂತ ಬಾಗಿಲು ಮುಂದಕ್ಕೆ ಎಳೆದು ನಾವೆಲ್ಲ ಜಗಲಿ ಮೇಲೆ ಕೂತಿದ್ದೆವು. ಆಮೇಲೆ ಎಡೆ ಊಟ ಎಲ್ಲರೂ ಹಂಚಿಕೊಂಡು ಉಂಡೆವು, ಪಂಚೆ ನಿಮ್ಮಪ್ಪ ಉಟ್ಟುಕೊಂಡ, ರಿಮೋಟು ಮಾತ್ರ ಯಾರ ಕೈಗೂ ಬರಲಿಲ್ಲ. ಎಡೆಗಿಟ್ಟ ರಿಮೋಟಿನಲ್ಲಿ ಟಿವಿ ಹಾಕೋದು ಹೆಂಗೆ? ಕುಂಕುಮ, ವಿಭೂತಿ ಅಂಟಿದ್ದು ಅಂಟಿದ ಹಂಗೇ ಗೂಡಿನಲ್ಲಿ ಅವರ ಫೋಟೋ ಮುಂದೆ ಇಟ್ಟುಬಿಟ್ಟ. ಅಲ್ಲಿಂದ ಬಹಳ ದಿನ ನಮ್ಮನೆ ಟಿವಿ ಹಚ್ಚಲೇ ಇಲ್ಲ. ನಿಮ್ಮವ್ವ ಧಾರಾವಾಹಿಯನ್ನ ಅಡುಗೆಮನೇಲಿ ಫೋನಿನಲ್ಲಿ ನೋಡ್ಕೋತಾಳೆ.

ಸಂಕ್ರಾಂತಿ ಕಳೆದ ಮೇಲೆ ಒಂದಿನ ಹಿತ್ತಲಲ್ಲಿ ಪಾತ್ರೆ ಬೆಳಗ್ತಿದ್ದೆ. ನಿಮ್ಮ ತಾತ ಸೀಗೆಕಾಯಿ ವಿಷಯಕ್ಕೆ ನನ್ನ ಬೈದದ್ದೊಂದು ನೆನಪಾಯ್ತು. ಏನು ಬೈದ್ರು ಅಂತ ಮಾತು ಮಾತೂ ನೆನಪಿದೆ. ಆದರೆ ಆ ಮಾತು ಅವರ ದನೀಲಿ ಬರ್ತಿಲ್ಲ. ನನ್ನ ದನೀಲೇ ಬರ್ತಿದೆ. ಕಣ್ಣು ಮುಚ್ಚಿದೆ, ಬರಲಿಲ್ಲ. ಅವರು ಕೆಮ್ಮೋದು, ನಗೋದು, ಅಮ್ಮೀ ಅಂತ ನನ್ನ ಕರೆಯೋದು, ಯಾವುದನ್ನ ನೆನೆಸಿಕೊಂಡ್ರೂ ಬಾಯಿ ಆಡೋದು ಕಾಣ್ತದೆ, ಸದ್ದಿಲ್ಲ. ಕಣ್ಮುಂದೆ ಫೋಟೋ ಇದೆ ಮುಖಕ್ಕೆ, ದನಿಗೆ ಏನಿದೆ ಹೇಳು? ಅವತ್ತು ನನಗೆ ಭಯ ಆಯ್ತು ಮಗಾ. ಅವರು ಹೋದಾಗ ಆಗದ ಭಯ ಅವತ್ತು ಪಾತ್ರೆ ಮುಂದೆ ಆಯ್ತು. ದನಿ ಒಂದು ಹೋದರೆ ಪೂರಾ ಹೋದ ಹಂಗೆ ಅನ್ನಿಸಿಬಿಡ್ತು.

ಆಗ ಜ್ಞಾಪಕ ಬಂದದ್ದು ಕಾಂತರಾಜು ಹಿಡಿದ ವಿಡಿಯೋ. ಪಿರಿಯಾಪಟ್ಟಣದ ಆ ಕಾಂತರಾಜು, ಬೇಸಾಯದ ವಿಷಯ ಯೂಟ್ಯೂಬಿಗೆ ಹಾಕ್ತಾನಲ್ಲ, ಅವನೇ. ಹೋದ ವರ್ಷ ಸೊಪ್ಪು ಬೇಯಿಸೋ ಕಾಲದಲ್ಲಿ ಬಂದು, ನಮ್ಮ ಜಗಲಿ ಮೇಲೆ ನಿಮ್ಮ ತಾತನ್ನ ಕೂರಿಸಿ, ಹಿಂದೆ ಬ್ಯಾರನ್ನು ಕಾಣೋ ಹಂಗೆ ಹಿಡ್ಕೊಂಡು ಹೋದ. ದಸರಾ ರಜದಲ್ಲಿ ನೀನು ಅದನ್ನ ಟಿವೀಲಿ ಹಾಕಿದೆ. ಮನೆ ತುಂಬ ಜನ. ಬಾರಜ್ಜಿ ಬಾರಜ್ಜಿ ಅಂತ ನೀನು ಕರೆದಾಗ ನಾನು ಅಡುಗೆಮನೆಯಿಂದ ಏನು ಹೇಳಿದೆ ಗೊತ್ತಾ? ದಿನಾ ನೋಡೋ ಮುಖ, ಅದನ್ನ ಟಿವೀಲಿ ಬೇರೆ ನೋಡಬೇಕಾ, ಸಾರು ಉಕ್ತದೆ ಅಂದೆ. ಆಮೇಲೂ ಬಂದವರಿಗೆಲ್ಲ ಅವರು ಹಾಕಿ ತೋರಿಸಿದ್ರು, ನಾನು ಬಂದವರಿಗೆ ಕಾಫಿ ಕಾಯಿಸೋದ್ರಲ್ಲೇ ಇದ್ದೆ. ಒಂದ್ಸಲವೂ ಪೂರ್ತಿ ನೋಡಿಲ್ಲ.

ನಿಮ್ಮಪ್ಪನಿಗೆ ಕೇಳಿದೆ, ಕಾಂತರಾಜು ಹಿಡಿದದ್ದನ್ನ ಒಸಿ ಹಾಕ್ಲಾ ಮೂರ್ತಿ ಅಂತ. ಗೂಡಿನಿಂದ ರಿಮೋಟು ತಕ್ಕೊಂಡ. ಟಿವಿ ಹಾಕಿದ. ಮೈಕಿನ ಗುಂಡಿ ಒತ್ತಿದ. ಅಪ್ಪನ ಹೆಸರಿನ ಮೊದಲನೇ ಅಕ್ಷರ ಅಂದ, ಮುಂದಕ್ಕೆ ಬಾಯಿ ಬರಲಿಲ್ಲ. ಆರಿಸಿ, ಅಲ್ಲೇ ಇಟ್ಟು, ‘ಆಮ್ಯಾಕೆ ಕಣವ್ವಾ, ಡ್ಯೂಟಿಗೆ ಹೊತ್ತಾಯ್ತು’ ಅಂತ ಹೊರಟುಹೋದ. ಅವನ ಡ್ಯೂಟಿ ಇದ್ದದ್ದು ಮಧ್ಯಾಹ್ನಕ್ಕೆ. ನಿಮ್ಮವ್ವ ನಾನು ಹಾಕ್ಕೊಡ್ತೀನಿ ಅತ್ತೆ ಅಂದಳು. ಸುಕನ್ಯ ಒಳ್ಳೆಯವಳೇ, ಇಲ್ಲ ಅನ್ನಲ್ಲ. ಆದರೆ ಅವಳು ಹಾಕ್ಕೊಟ್ಟು ಟಿವಿ ನೋಡಲ್ಲ, ನನ್ನ ಮುಖ ನೋಡ್ತಾಳೆ. ಬಸವಮ್ಮನನ್ನೂ ಕರೆದುಬಿಡ್ತಾಳೆ, ಅತ್ತೆ ಇವತ್ತಾದ್ರೂ ಅಳ್ತಾರೆ ಬಾ ಅಂತ. ಇವರ ಮುಂದೆ ಕೂತು ನಾನೇನು ಅಳೋ ಪರೀಕ್ಷೆ ಬರೀಬೇಕಾ? ಬೇಡ ಅಂದೆ. ಕೈಲಿ ಒತ್ತಿ ಹುಡುಕೋಣ ಅಂದ್ರೆ ಟಿವೀಲಿ ಬರೋದು ಎಲ್ಲ ಇಂಗ್ಲಿಷ್ ಅಕ್ಷರ, ನನಗೆ ಅದು ಇರುವೆ ಸಾಲು. ನಾನೇ ಬಾಯಲ್ಲಿ ಹೇಳಬೇಕು. ಹೇಳಬೇಕಾದ್ದು ಅವರ ಹೆಸರು.

ನಿನಗೆ ಇದು ತಮಾಷೆ. ಹೆಸರು ಹೇಳೋಕೆ ಏನಜ್ಜಿ, ಕರೆಂಟು ಹೊಡೀತದಾ ಅಂತ ನಗಾಡಿದ್ದೆ ನೀನು. ನಮ್ಮ ಕಾಲದಲ್ಲಿ ಗಂಡನ ಹೆಸರು ಹೇಳಿದ್ರೆ ಅವರ ಆಯಸ್ಸು ಕಮ್ಮಿಯಾಗ್ತದೆ ಅಂತ ಬಾಯಿಗೆ ಬೀಗ ಹಾಕಿ ಕಳಿಸ್ತಿದ್ರು. ಮದುವೆಯಾಗಿ ಬಂದ ದಿನ ಅವರ ಅಕ್ಕ ಸಾಕಮ್ಮ ಹೊಸಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳು, ಆಮೇಲೆ ಒಳಗೆ ಬಾ ಅಂದ್ರು. ಅದು ಶಾಸ್ತ್ರ, ಅವತ್ತು ಹೇಳಬಹುದು. ಸೆರಗು ಬಾಯಿಗೆ ಹಿಡಿದು ಹೇಳಿದೆ. ಆಮೇಲೆ ಇಲ್ಲ. ರೇಷನ್ ಕಾರ್ಡಿಗೆ ಹೋದಾಗಲೂ, ಓಟು ಹಾಕೋವಾಗಲೂ ಗಂಡನ ಹೆಸರೇನಮ್ಮ ಅಂದ್ರೆ ಪಕ್ಕದವರ ಮೊಣಕೈ ತಿವಿಯೋದು. ಅವರಿಗೆ ಇಟ್ಟದ್ದು ಬೆಟ್ಟದ ದೇವರ ಹೆಸರು ಬೇರೆ. ಬೆಟ್ಟಕ್ಕೆ ಹೋದಾಗ ಸಾವಿರ ಜನ ದೇವರ ಹೆಸರು ಹಿಡಿದು ಉಘೇ ಉಘೇ ಅಂತ ಕೂಗ್ತಿದ್ರೆ ನಾನೊಬ್ಬಳು ‘ಬೆಟ್ಟದಯ್ಯಾ’ ಅಂತ ಕೂಗಿ ಕೈ ಮುಗೀತಿದ್ದೆ. ನಿಮ್ಮ ತಾತ ಹೋದ ಮೇಲೆ ತಾಲೂಕು ಆಫೀಸಿನಲ್ಲಿ ವಿಧವಾ ವೇತನಕ್ಕೆ ಹೆಸರು ಕೇಳಿದ್ರು. ನಿಮ್ಮಪ್ಪ ಜೆರಾಕ್ಸಿಗೆ ಹೋಗಿದ್ದ. ಪಕ್ಕದಲ್ಲಿ ಕೂತಿದ್ದ ಯಾರೋ ಗುರುತಿಲ್ಲದವರ ಕೈಗೆ ನಿಮ್ಮ ತಾತನ ಆಧಾರ್ ಕಾರ್ಡು ಕೊಟ್ಟು ಒಸಿ ಓದಿ ಹೇಳಪ್ಪಾ ಅಂದೆ. ಆಫೀಸಿನ ಮೇಡಮ್ಮು ನನ್ನ ಹೆಸರು ಚಿಕ್ಕಸಿದ್ದಮ್ಮ, ಆಮೇಲೆ ಕೋಂ ಲೇಟ್ ಅಂತ ಬರೆದು ಮುಂದೆ ಅವರ ಹೆಸರು ಬರೆದ್ರು. ಕೋಂ ಅಂದ್ರೆ ಇಂಥವರ ಹೆಂಡತಿ ಅಂತ, ನನಗೆ ಗೊತ್ತು. ಲೇಟ್ ಅನ್ನೋದೂ ಗೊತ್ತು. ಓದಿಕೊಂಡೆ, ಏನೂ ಅನ್ನಿಸಲಿಲ್ಲ.

‘ಇನ್ನೇನು ಆಯಸ್ಸು ಕಮ್ಮಿಯಾಗೋದದೆ ಬುಡತ್ತೆ’ ಅಂತ ನಿಮ್ಮವ್ವ ಒಂದಿನ ಬಾಯಿ ತಪ್ಪಿ ಅಂದುಬಿಟ್ಟಳು. ಆಮೇಲೆ ನಾಲಗೆ ಕಚ್ಚಿಕೊಂಡು ಮೂರು ಹೊತ್ತೂ ನನ್ನ ಹಿಂದೆ ಮುಂದೆ ಸುತ್ತಿದಳು, ಪಾಪ. ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ? ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದಕ್ಕೆ ಅವರಿಗೆ ಎಷ್ಟು ಆಯಸ್ಸು ಸೇರ್ತು ಅಂತ ಯಾರನ್ನ ಕೇಳಲಿ ನಾನು? ಆದರೂ ಬಾಯಿ ಬರಲ್ಲ ಮಗಾ. ಒಲೆ ಮುಂದೆ ಒಬ್ಬಳೇ ಕೂತು ಹೇಳಿ ನೋಡೋಣ ಅಂತ ಬಾಯಿ ತೆಗೆದಿದೀನಿ, ಕೊನೆಗೆ ಒಲೆ ಊದಿ ಎದ್ದುಬಿಟ್ಟಿದೀನಿ. ಒಂದು ಸಲ ನಾನು ಹೇಳಿಬಿಟ್ರೆ, ಅವರು ನಿಜವಾಗಿ ಇಲ್ಲ ಅಂತ ನಾನೇ ಒಪ್ಪಿಕೊಂಡ ಹಂಗೆ ಆಗಲ್ವಾ?

ನಿನ್ನೆ ಸೋಮವಾರ ವಾಣಿಶ್ರೀ ಮದುವೆ ಇತ್ತಲ್ಲ, ನಿಮ್ಮವ್ವನ ಅಣ್ಣನ ಮಗಳದು, ಎಚ್.ಡಿ. ಕೋಟೇಲಿ. ನಿಮ್ಮಪ್ಪ ನಿಮ್ಮವ್ವ ಬೆಳಿಗ್ಗೆಯೇ ಹೊರಟ್ರು. ಬಸವಮ್ಮನೂ ಅವರ ಜೊತೆ ಬಸ್ಸು ಹತ್ತಿದಳು. ನಾನು ವರ್ಷ ತುಂಬೋ ತನಕ ಮದುವೆ ಮನೆಗೆ ಹೋಗೋ ಹಂಗಿಲ್ಲ. ಅವರೆಲ್ಲ ಹೋದ ಮೇಲೆ ಕರುವಿಗೆ ಹಾಲು ಬಿಟ್ಟೆ, ಅಂಗಳ ಗುಡಿಸಿದೆ, ಬೆಳಿಗ್ಗೆಯ ಮುದ್ದೆ ಉಂಡೆ. ಆಮೇಲೆ ಗೂಡಿನಿಂದ ರಿಮೋಟು ತಕ್ಕೊಂಡೆ. ಸೆರಗಿನ ಚುಂಗಿನಲ್ಲಿ ಕುಂಕುಮ ಒರೆಸಿದೆ. ಕೆಂಪು ಗುಂಡಿ ಒತ್ತಿದರೆ ಟಿವಿ ಹತ್ತುತ್ತೆ ಅನ್ನೋದು ನೋಡಿ ನೋಡಿ ಗೊತ್ತಿತ್ತು, ಹತ್ತಿಸಿದೆ. ಮೈಕಿನ ಗುಂಡಿ ಒತ್ತಿ ಹಿಡಿದು, ‘ನಮ್ಮನೆಯವರು’ ಅಂದೆ. ಯಾವುದೋ ನಗೆ ನಾಟಕ ಬಂತು, ಗಂಡ ಹೆಂಡತಿ ಲಟ್ಟಣಿಗೆ ಹಿಡ್ಕೊಂಡು ಓಡಾಡೋದು. ‘ಮೂರ್ತಿಯ ತಂದೆ ಮಾತಾಡಿದ್ದು’ ಅಂದೆ. ಯಾವನೋ ಭಾಷಣ ಮಾಡ್ತಿದ್ದ. ‘ಬ್ಯಾರನ್ನು, ಹೊಗೆಸೊಪ್ಪು, ಅಜ್ಜ’ ಅಂದೆ. ಅಜ್ಜ ಬಂದ, ನಮ್ಮ ಅಜ್ಜ ಅಲ್ಲ, ತೆಲುಗು ಮಾತಾಡೋ ಬೇರೆ ಅಜ್ಜ. ಜಗತ್ತಿನಲ್ಲಿ ಎಲ್ಲ ಗಂಡಂದಿರೂ ಸಿಕ್ತಾರೆ ಮಗಾ ಅದರಲ್ಲಿ, ಹೆಸರು ಹೇಳದೆ ನಮ್ಮವರು ಸಿಗಲ್ಲ. ನನಗೆ ಸಿಟ್ಟು ಬಂತು. ಅದರ ಮೇಲೆ ಅಲ್ಲ, ನಿಮ್ಮ ತಾತನ ಮೇಲೆ. ಒಂದು ಸಣ್ಣ ಅಡ್ಡಹೆಸರಾದ್ರೂ ಇಟ್ಟುಕೊಳ್ಳಬಾರದಿತ್ತಾ ಈ ಮನುಷ್ಯ ಅಂತ.

ಎದ್ದು ಹೋಗಿ ಬೀದಿ ನೋಡಿದೆ. ಯಾರೂ ಇರಲಿಲ್ಲ. ಬಾಗಿಲು ಹಾಕಿ ಅಗುಳಿ ಹಾಕಿದೆ. ಹೊಸಿಲಿನ ಹತ್ತಿರ ನಿಂತುಕೊಂಡು, ಯಾಕೋ ಗೊತ್ತಿಲ್ಲ, ತಲೆ ಮೇಲೆ ಸೆರಗು ಎಳೆದುಕೊಂಡು ಹೇಳಿದೆ. ದನಿ ಸಣ್ಣದಾಯ್ತು, ಕೇಳಿಸಲಿಲ್ಲ ಅಂತ ಟಿವಿ ಮೇಲೆ ಬರೆದು ತೋರಿಸ್ತು. ಜೋರಾಗಿ ಹೇಳಿದೆ. ಟಿವಿ ತುಂಬ ಬೆಟ್ಟದ ದೇವರು ಬಂದುಬಿಟ್ಟ, ಬೆಳ್ಳಿ ಮುಖವಾಡ, ಹುಲಿವಾಹನ, ಕಂಸಾಳೆಯವರು. ಕೈ ಮುಗಿದೆ, ಇನ್ನೇನು ಮಾಡಲಿ. ಆಮೇಲೆ ಅವರ ಹೆಸರು, ನಮ್ಮೂರ ಹೆಸರು, ಹೊಗೆಸೊಪ್ಪು ಅಂತ ಮೂರನ್ನೂ ಸೇರಿಸಿ ಹೇಳಿದೆ. ಬಾಯಿ ಒಂದ್ಸಲ ಬಿಟ್ಟ ಮೇಲೆ ಅಷ್ಟೇನೂ ಕಷ್ಟ ಆಗಲಿಲ್ಲ. ಬಂತು. ನಮ್ಮ ಜಗಲಿ, ಅದರ ಮೇಲೆ ಅವರು, ಹೆಗಲ ಮೇಲೆ ಟವಲು. ಕೂತು ನೋಡಿದೆ. ಹೊಗೆಸೊಪ್ಪು ಬೇಯಿಸೋದು ಹೆಂಗೆ, ಬೆಂಕಿ ಎಷ್ಟಿರಬೇಕು ಅಂತ ಮಾತಾಡ್ತಾರೆ. ದನಿ ಚೆನ್ನಾಗಿ ಕೇಳಿಸ್ತದೆ. ಆರಿಸಿ, ರಿಮೋಟನ್ನ ಇದ್ದ ಜಾಗದಲ್ಲೇ ಇಟ್ಟೆ. ಸಾಯಂಕಾಲ ಮದುವೆಯಿಂದ ಎಲ್ಲರೂ ಬಂದ್ರು, ಊಟ ಚೆನ್ನಾಗಿತ್ತಂತೆ, ಹೋಳಿಗೆ ಸಾಲಲಿಲ್ಲವಂತೆ.

ಇದಿಷ್ಟೇ ಇಲ್ಲಿನ ಸಮಾಚಾರ. ಪರೀಕ್ಷೆ ಚೆನ್ನಾಗಿ ಬರಿ, ನಂಬರು ಎಷ್ಟಾದ್ರೂ ಬರಲಿ, ಊಟ ಬಿಟ್ಟು ಓದಬೇಡ. ನಿನ್ನ ಜೊತೆಗಿರೋ ಹುಡುಗೀರಿಗೂ, ಆ ಗಂಟುಮುಖದ ವಾರ್ಡನಮ್ಮನಿಗೂ ಅಜ್ಜಿ ಕೇಳಿದಳು ಅಂತ ಹೇಳು. ಬೆಟ್ಟದಯ್ಯ ನಿನ್ನ ಬೆನ್ನಿಗಿರಲಿ. ನೂರು ಕಾಲ ತಣ್ಣಗೆ ಬಾಳು ನನ್ನ ಕಂದ.

ನಿನ್ನ ದಾರಿ ನೋಡ್ತಿರೋ ಅಜ್ಜಿ,
ಚಿಕ್ಕಸಿದ್ದಮ್ಮ

ಮರೆತ ಮಾತು: ಕವರು ಅಂಟಿಸೋಕೆ ನಿಮ್ಮಪ್ಪ ಕಾಯ್ತಿದ್ದಾನೆ, ಬೇಗ ಬರೆದುಬಿಡ್ತೀನಿ. ಮೇಲೆ ಕಾಗದದಲ್ಲಿ, ಕೂತು ನೋಡಿದೆ, ಆರಿಸಿದೆ ಅಂದೆನಲ್ಲ, ಮಧ್ಯದ್ದು ಬರೀಲಿಲ್ಲ. ಟಿವೀಲಿ ಅವರು ಮಾತಾಡ್ತಾ ಮಾತಾಡ್ತಾ ಕೆಮ್ಮಿದ್ರು. ‘ತಡಿಯಪ್ಪ ಕಾಂತರಾಜು, ಬಾಯಿ ಒಣಗ್ತು’ ಅಂತ ಮನೆ ಒಳಕ್ಕೆ ತಿರುಗಿ, ‘ಅಮ್ಮೀ, ಒಸಿ ನೀರ್ ತತ್ತಾ’ ಅಂದ್ರು. ಅದೇ ದನಿ. ಬಂದೆ ಅಂದೆ. ಎದ್ದು ಅಡುಗೆಮನೆಗೆ ಹೋಗಿ, ಗಡಿಗೆಯಿಂದ ಚೊಂಬಿಗೆ ನೀರು ಬಗ್ಗಿಸಿ ತಂದೆ. ಟಿವಿ ಮುಂದೆ ಬಂದು ನಿಂತ ಮೇಲೇ ನನಗೆ ತಿಳಿದದ್ದು ನಾನೇನು ಮಾಡ್ತಿದೀನಿ ಅಂತ. ಅಷ್ಟರಲ್ಲಿ ಅಲ್ಲಿ ಒಂದು ಕೈ ಬಾಗಿಲಿನಿಂದ ಚೊಂಬು ಕೊಡ್ತಿತ್ತು, ಹಸಿರು ಬಳೆ ತುಂಬಿದ್ದ ಕೈ. ನನ್ನದೇ ಕಣವ್ವಾ. ಅವತ್ತು ಕೊಟ್ಟದ್ದು ನನಗೆ ನೆನಪೇ ಇರಲಿಲ್ಲ. ಅವರು ತಲೆ ಹಿಂದಕ್ಕೆ ಹಾಕಿ ಎತ್ತಿ ಕುಡಿದ್ರು. ಪೂರ್ತಿ ಕುಡಿದ್ರು ಮಗಾ, ಒಂದು ತೊಟ್ಟು ಬಿಡದೆ. ಕುಡಿದು ಮೀಸೆ ಒರೆಸಿಕೊಂಡು ಮಾತು ಮುಂದುವರಿಸಿದ್ರು. ನಾನು ಚೊಂಬು ಟಿವಿ ಕೆಳಗೆ ಇಟ್ಟು, ಅಲ್ಲೇ ನೆಲದ ಮೇಲೆ ಕೂತು ಅತ್ತೆ. ದನಿ ತೆಗೆದು ಅತ್ತೆ, ಹೊಟ್ಟೆ ಹಿಡಿದುಕೊಂಡು ಅತ್ತೆ. ಬಸವಮ್ಮ ಮದುವೆಗೆ ಹೋಗಿದ್ದು ಒಳ್ಳೆಯದಾಯ್ತು. ಸಾಯಂಕಾಲ ನಿಮ್ಮವ್ವ ಬಂದು ಟಿವಿ ಕೆಳಗಿನ ಚೊಂಬು ನೋಡಿದಳು, ನನ್ನ ಕಣ್ಣು ನೋಡಿದಳು. ಆ ನೀರು ಚೆಲ್ಲಲಿಲ್ಲ. ನೀನು ರಜಕ್ಕೆ ಬಂದಾಗ ಆ ವಿಡಿಯೋ ಯಾವತ್ತೂ ಅಳಿಸಿಹೋಗದ ಹಂಗೆ ಎಲ್ಲಾದ್ರೂ ಹಿಡಿದಿಡೋಕೆ ಆಗ್ತದಾ ನೋಡು, ಬೇರೆಯದು ಹೋದರೂ ಹೋಗಲಿ, ಆ ನೀರು ಕುಡಿಯೋದಿರಬೇಕು. ಇನ್ನೊಂದು. ಈ ಕಾಗದಕ್ಕೆ ಉತ್ತರ ಬರೆದರೆ ಕವರಿನ ಮೇಲೆ ಚಿಕ್ಕಸಿದ್ದಮ್ಮ ಕೋಂ ಮಹದೇವಯ್ಯ ಅಂತ ಬರಿ. ಲೇಟ್ ಅಂತ ಹಾಕಬೇಡ.